ಅಪ್ಪ ನಡೆದ ಎಂಟು ಕಿಲೋಮೀಟರು

ಗಾಜಿಯಾಬಾದ್
14 ಜುಲೈ 2024

ಪ್ರೀತಿಯ ಅಪ್ಪನಿಗೆ,

ಅಮ್ಮನ ಹತ್ತಿರ ದಿನಾ ಫೋನಿನಲ್ಲಿ ಮಾತಾಡುತ್ತಿದ್ದೇನೆ. ಆದರೆ ನಿನಗೆ ಫೋನಿನಲ್ಲಿ ಗೊರಗೊರ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ನಾನು ಹೇಳಿದ್ದನ್ನು ಅಮ್ಮ ನಿನ್ನ ಮುಖದ ಮುಂದೆ ನಿಂತು ಕೂಗಿ ಹೇಳಿದರೆ ನಂದಿದುರ್ಗ ಗಣಿಯ ಇಡೀ ಲೈನ್‌ಮನೆಗಳಿಗೆ ನನ್ನ ಸಮಾಚಾರ ಹಂಚಿದ ಹಾಗಾಗುತ್ತದೆ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು, ಕನ್ನಡಕ ಹಾಕಿಕೊಂಡು ಓದು.

ಕೆಲಸ ಏನು ಎಂದು ಕೇಳಿದ್ದೆಯಂತೆ. ಇಲ್ಲಿ ಒಂದು ದೊಡ್ಡ ಹಾಲ್ ಇದೆ. ಗೋಡೆ ತುಂಬ ಪರದೆ. ದೇಶದಲ್ಲಿ ಎಲ್ಲೆಲ್ಲಿ ಅನಿಲದ ಪೈಪು ಹೂತಿದ್ದಾರೋ ಅದೆಲ್ಲ ಅದರ ಮೇಲೆ ಬಣ್ಣಬಣ್ಣದ ಗೆರೆಗಳಾಗಿ ಕಾಣುತ್ತದೆ. ಬಂದರಿನಿಂದ ಎಷ್ಟು ಅನಿಲ ಒಳಗೆ ಬಂತು, ಗೊಬ್ಬರದ ಕಾರ್ಖಾನೆ ಎಷ್ಟು ಎಳೆಯಿತು, ಕರೆಂಟಿನ ಕಾರ್ಖಾನೆ ಎಷ್ಟು, ಊರುಗಳ ಒಲೆಗೆ ಎಷ್ಟು ಹೋಯಿತು, ಎಲ್ಲೆಲ್ಲಿ ಒತ್ತಡ ಎಷ್ಟಿದೆ, ಇದನ್ನು ಪಾಳಿಯ ಮೇಲೆ ನೋಡುತ್ತಾ ಕೂರುವುದು ನಮ್ಮ ಕೆಲಸ. ಬೇತಮಂಗಲದಿಂದ ಕೆ.ಜಿ.ಎಫ್.ಗೆ ನೀರು ಬಿಡುತ್ತಾರಲ್ಲ, ಹಾಗೇ ಅಂದುಕೋ. ಎಲ್ಲಾದರೂ ಒತ್ತಡ ಇಳಿದರೆ ಯಾಕೆ ಇಳಿಯಿತು ಎಂದು ಕೇಳಬೇಕು. ತೀರಾ ಕೆಟ್ಟರೆ ಆ ಜಾಗದ ಎರಡೂ ಕಡೆಯ ವಾಲ್ವನ್ನು ಇಲ್ಲಿಂದಲೇ ಮುಚ್ಚಬಹುದು. ನಾನು ಇನ್ನೂ ಟ್ರೈನಿ, ನನಗೆ ಆ ಬಟನ್ನಿನ ಹತ್ತಿರ ಬಿಡುವುದಿಲ್ಲ.

ಪೈಪಿನ ಪಕ್ಕದಲ್ಲೇ ಕೂದಲಿನಷ್ಟು ಸಣ್ಣ ಗಾಜಿನ ತಂತಿಯನ್ನೂ ಹೂತಿದ್ದಾರೆ. ಮೇಲೆ ಯಾರಾದರೂ ನೆಲ ಅಗೆದರೆ ಅದಕ್ಕೆ ಅದುರು ತಿಳಿದು ಇಲ್ಲಿ ಕೆಂಪು ಚುಕ್ಕೆ ಬರುತ್ತದೆ. ಇದನ್ನು ನಿನಗೆ ನಿಮ್ಮ ಸೂಪರ್‌ವೈಸರ್ ಕೋದಂಡಪ್ಪನವರು ಹೇಳಿರಲಿಕ್ಕಿಲ್ಲ.

ಮೊದಲ ದಿನವೇ ನಿನ್ನ ಬೀಟನ್ನು ಹುಡುಕಿದೆ. ನೀನು ದಿನಾ ಬೆವರು ಸುರಿಸಿ ನಡೆಯುವ ಎಂಟು ಕಿಲೋಮೀಟರು ಈ ಗೋಡೆಯ ಮೇಲೆ ನನ್ನ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಅದೇ ಪೈಪಿನ ಮೇಲೆ ನಮ್ಮಪ್ಪ ನಡೆಯುತ್ತಾರೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ, ಸುಮ್ಮನಾದೆ.

ಊಟ ಪರವಾಗಿಲ್ಲ. ರೊಟ್ಟಿ ತಿಂದು ತಿಂದು ಬಾಯಿ ಒಣಗಿದೆ. ಸಾರು ಅಂದರೆ ಏನು ಎಂದು ಇವರಿಗೆ ಗೊತ್ತೇ ಇಲ್ಲ.

ನಿನ್ನ ಮಗಳು
ವನಿತಾ


ನಂದಿದುರ್ಗ, ಕೆ.ಜಿ.ಎಫ್.
4 ಆಗಸ್ಟ್ 2024

ಚಿ. ವನಿತಾಳಿಗೆ ಅಪ್ಪನ ಆಶೀರ್ವಾದ.

ಕಾಗದ ಬಂತು. ಎರಡು ಸಲ ಓದಿದೆ. ಮನೆಯಲ್ಲಿ ಅಷ್ಟೊಂದು ತಮಿಳು ಆಡುವ ನಾವು ಕಾಗದ ಬರೆಯಲು ಕೂತರೆ ಕನ್ನಡವೇ ಬರುತ್ತದೆ ನೋಡು, ನನಗೆ ಇಸ್ಕೂಲಿನಲ್ಲಿ ಕಲಿಸಿದ್ದು ಅದೊಂದೇ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಗೋಡೆಯ ಮೇಲೆ ನನ್ನ ಬೀಟು ಉಗುರಿನಷ್ಟು ಎಂದು ಬರೆದಿದ್ದೀಯ. ಒಂದು ಸಲ ಬಂದು ನಡೆದು ನೋಡು, ಆಮೇಲೆ ಅಳತೆ ಹೇಳು. ಬೆಳಿಗ್ಗೆ ಬೇತಮಂಗಲದ ಬಸ್ಸು ಇಳಿದರೆ ಕೆರೆ ಏರಿಯ ಆಚೆಯಿಂದ ಶುರು. ಪೈಪಿನ ಗುರುತಿಗೆ ನೆಟ್ಟ ಹಳದಿ ಕಂಬದಿಂದ ಹಳದಿ ಕಂಬಕ್ಕೆ. ಪೈಪಿನ ಪಟ್ಟಿಯ ಮೇಲೆ ಯಾರಾದರೂ ಗೋಡೆ ಕಟ್ಟುತ್ತಿದ್ದಾರಾ, ಬಾವಿ ತೋಡುತ್ತಿದ್ದಾರಾ, ಹುಲ್ಲು ಸುಮ್ಮಸುಮ್ಮನೆ ಹಳದಿ ತಿರುಗಿದೆಯಾ, ಇಷ್ಟು ನೋಡುವುದು. ಚೀಲದಲ್ಲಿ ಒಂದು ಸಣ್ಣ ಯಂತ್ರ ಕೊಟ್ಟಿದ್ದಾರೆ, ನಾನು ನಡೆದೆನೋ ಮರದ ಕೆಳಗೆ ಮಲಗಿದೆನೋ ಎಂದು ಅದು ಹೇಳಿಬಿಡುತ್ತದೆ. ಪೈಪಿನಲ್ಲಿ ಹೋಗುವ ಅನಿಲಕ್ಕೆ ವಾಸನೆಯೂ ಇಲ್ಲವಂತೆ. ಹಾಗಾಗಿ ನನ್ನ ಮೂಗಿಗೆ ಕೆಲಸವಿಲ್ಲ, ಕಿವಿಗೂ ಇಲ್ಲ. ಕಣ್ಣು ಕಾಲು ಸಾಕು. ಹೇಳಿ ಮಾಡಿಸಿದ ಹಾಗಿದೆ ನನಗೆ ಈ ಕೆಲಸ.

ಸೂಪರ್‌ವೈಸರ್ ಕೋದಂಡಪ್ಪ ಒಳ್ಳೆಯವನೇ. ಫೋನ್ ಮಾಡುತ್ತಾನೆ. ನಾನು ಎತ್ತಿ "ಸಿಗ್ನಲ್ ಇಲ್ಲ ಸಾರ್, ಮೆಸೇಜ್ ಆಕಿ" ಎಂದು ಇಟ್ಟುಬಿಡುತ್ತೇನೆ. ಬೇತಮಂಗಲದ ಕಡೆ ಟವರೇ ಸರಿಯಿಲ್ಲ ಎಂದು ಅವನು ಎಲ್ಲರ ಹತ್ತಿರ ಬಯ್ದುಕೊಂಡು ಓಡಾಡುತ್ತಾನೆ.

ಈ ಕೆಲಸಕ್ಕೆ ಸೇರುವಾಗ ಕಿವಿ ಪರೀಕ್ಷೆ ಮಾಡಿದ್ದು ನಿನಗೆ ಹೇಳಿದ್ದೆನಾ? ಡಾಕ್ಟರು ಹಿಂದೆ ನಿಂತು ಮೆಲ್ಲಗೆ ಒಂದು ಅಂಕಿ ಹೇಳುತ್ತಾರೆ, ನಾವು ತಿರುಗಿ ಹೇಳಬೇಕು. ಸಾಲಿನಲ್ಲಿ ನನ್ನ ಬದಿಗೆ ನಮ್ಮ ಪಕ್ಕದ ಮನೆ ವಿಜಿ ಇದ್ದ. ಅವನಿಗೆ ಬಲಗಿವಿ ಅಷ್ಟಿಷ್ಟು ಉಳಿದಿದೆ. ಡಾಕ್ಟರು ನಾಲ್ಕು ಎಂದರೆ ವಿಜಿ ನನ್ನ ಸೊಂಟಕ್ಕೆ ನಾಲ್ಕು ಸಲ ಬೆರಳು ಒತ್ತುತ್ತಿದ್ದ. ಅವನ ಎಡಗಿವಿಯ ಸರದಿಗೆ ಇನ್ನೊಬ್ಬ ಒತ್ತಿದ. ಗಣಿಯಲ್ಲಿ ಡ್ರಿಲ್ ಹಿಡಿದವರಲ್ಲಿ ಯಾರ ಕಿವಿ ನೆಟ್ಟಗಿದೆ ಹೇಳು. ನಮ್ಮ ಲೈನಿನವರು ಒಬ್ಬರ ಕಿವಿಯ ವಿಷಯ ಇನ್ನೊಬ್ಬರು ಹೊರಗಿನವರ ಹತ್ತಿರ ಎತ್ತುವುದಿಲ್ಲ. ಗಣಿ ಮುಚ್ಚಿದ ಮೇಲೆ ಹಾಗೇ ಬದುಕಿದ್ದೇವೆ.

ನಿಮ್ಮಮ್ಮ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಆ ಮನೆಯವರು ಅವಳನ್ನು ಬಿಡುವುದೇ ಇಲ್ಲ ಎನ್ನುತ್ತಾಳೆ. ನಿಜ ಏನೆಂದರೆ ಅವಳಿಗೇ ರೈಲಿನ ಹರಟೆ ಬಿಡಲು ಮನಸ್ಸಿಲ್ಲ.

ಇಂತಿ
ಆರುಮುಗಂ


ಗಾಜಿಯಾಬಾದ್
17 ನವೆಂಬರ್ 2024

ಪ್ರೀತಿಯ ಅಪ್ಪನಿಗೆ,

ನನಗೆ ಇಲ್ಲಿ ಹೊಸ ಹೆಸರು ಬಿದ್ದಿದೆ. ಎಲ್ಲರೂ ನನ್ನನ್ನು ಏರ್‌ಬ್ಲಾಸ್ಟ್ ಎಂದು ಕರೆಯುತ್ತಿದ್ದಾರೆ. ಯಾಕೆ ಅಂದರೆ ಕೇಳು.

ಹೋದ ಮಂಗಳವಾರ ನಿನ್ನ ಬೀಟು, ಅದರ ಆಚೆ ಈಚೆ ಎಲ್ಲ ಸೇರಿ ಉದ್ದಕ್ಕೂ ಒಂದೇ ಸಲ ಕೆಂಪಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ಅಷ್ಟು ದೂರ ಯಾರು ಒಟ್ಟಿಗೆ ಅಗೆಯುತ್ತಾರೆ? ತಂತಿಯೇ ಕೆಟ್ಟಿರಬೇಕು ಎಂದು ಎಲ್ಲ ತಲೆ ಕೆರೆದುಕೊಂಡರು. ನಮ್ಮ ಪಾಳಿಯ ಮುಖ್ಯಸ್ಥೆ ಕಲ್ಪನ ಮೇಡಂ, ನಾಗಪುರದವರು, ಅವರ ಹತ್ತಿರ ಹೋಗಿ ಹೇಳಿದೆ. ಅಲ್ಲಿ ಹತ್ತಿರದಲ್ಲೇ ಹಳೆಯ ಚಿನ್ನದ ಗಣಿ ಇದೆ, ಬಹಳ ಆಳದ ಸುರಂಗಗಳು, ಮುಚ್ಚಿದ ಮೇಲೆ ನೀರು ತುಂಬಿದೆ, ಒಳಗೆ ಬಂಡೆ ಸಿಡಿದರೆ ಮೇಲೆ ನೆಲ ಅದುರುತ್ತದೆ, ನಾವು ಅದನ್ನು ಏರ್‌ಬ್ಲಾಸ್ಟ್ ಅನ್ನುತ್ತೇವೆ, ಚಿಕ್ಕಂದಿನಲ್ಲಿ ಅಟ್ಟದ ಪಾತ್ರೆ ಬಿದ್ದರೆ ಅಮ್ಮ ಎತ್ತಿಟ್ಟು ಮತ್ತೆ ಅಡುಗೆಗೆ ಹೋಗುತ್ತಿದ್ದಳು, ಎಂದೆ. ವಿಚಾರಿಸಿದರು. ನಿಜವೇ ಆಗಿತ್ತು. ಆಮೇಲೆ ಎಲ್ಲರಿಗೂ ಟೀ ತರಿಸಿದರು.

ಇದನ್ನು ಹೇಳಿ ನಿನ್ನನ್ನು ನಗಿಸಬೇಕು ಎಂದಿತ್ತು. ಇನ್ನೊಂದು ಮಾತು, ಇದಕ್ಕೆ ನೀನು ನಗುವುದಿಲ್ಲ. ಅಪ್ಪ, ನಿನ್ನ ಕೆಲಸಕ್ಕೆ ಕಿವಿ ಬೇಡ ಎಂದು ನೀನು ಬರೆದಿದ್ದೆ. ಬೇಕು. ಇಲ್ಲಿ ಕೂತು ನೋಡಿದ ಮೇಲೆ ನನಗೆ ಗೊತ್ತಾಗಿದೆ. ಎಷ್ಟೋ ಕಡೆ ಪೈಪ್‌ಲೈನ್ ನಡೆಯುವವರು ಕಣ್ಣಿಗೆ ಕಾಣುವ ಮೊದಲೇ ಜೆ.ಸಿ.ಬಿ.ಯ ಸದ್ದು ಕೇಳಿ ಓಡಿ ಹೋಗಿ ನಿಲ್ಲಿಸಿದ್ದಾರೆ. ಈಗ ಕಿವಿಗೆ ಹಾಕುವ ಯಂತ್ರಗಳು ಚೆನ್ನಾಗಿವೆ. ಒಂದು ಸಲ ತೋರಿಸಿಕೋ. ನಾನು ಬಂದಾಗ ಕರೆದುಕೊಂಡು ಹೋಗುತ್ತೇನೆ.

ನಿನ್ನ
ವನಿತಾ


ನಂದಿದುರ್ಗ
8 ಡಿಸೆಂಬರ್ 2024

ಚಿ. ವನಿತಾಳಿಗೆ,

ನಾವೆಲ್ಲ ಆರೋಗ್ಯ.

ಏರ್‌ಬ್ಲಾಸ್ಟಿಗೆ ಟೀ ಕೊಡಿಸಿದವರ ಸುದ್ದಿ ಇದೇ ಮೊದಲು ಕೇಳಿದ್ದು. ನಮ್ಮ ಕಾಲದಲ್ಲಿ ಏರ್‌ಬ್ಲಾಸ್ಟ್ ಆದರೆ ಒಳಗೆ ಹೋದವರು ಎಷ್ಟು ಜನ ಮೇಲೆ ಬಂದರು ಎಂದು ಹೆಂಗಸರು ಶಾಫ್ಟಿನ ಬಾಯಿಯಲ್ಲಿ ನಿಲ್ಲುತ್ತಿದ್ದರು.

ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಹೋದರೆ ಕೋದಂಡಪ್ಪನಿಗೆ ಕಾಣುವುದಿಲ್ಲವೇ? ಕಂಡ ದಿನವೇ ಮನೆಗೆ ಕಳಿಸುತ್ತಾನೆ. ನನಗೆ ನೆಲ ಅದುರಿದರೆ ಕಾಲಿನಲ್ಲೇ ತಿಳಿಯುತ್ತದೆ. ಗಣಿಯಲ್ಲಿ ಬೆಳೆದ ಕಾಲು ಇದು. ನನ್ನ ಕಿವಿಯ ವಿಷಯ ಇನ್ನು ಮೇಲೆ ಬರೆಯಬೇಡ.

ಇಂತಿ
ಆರುಮುಗಂ


ಗಾಜಿಯಾಬಾದ್
13 ಫೆಬ್ರವರಿ 2025

ಅಪ್ಪ,

ಮೊನ್ನೆ ಬೇತಮಂಗಲದ ಹತ್ತಿರ ಸೊಣ್ಣಪ್ಪ ಎನ್ನುವವರ ಹೊಲದಲ್ಲಿ ನಡೆದದ್ದರಲ್ಲಿ ನನ್ನ ಕಡೆ ಏನಾಯಿತು ಎಂದು ನೀನು ಕೋದಂಡಪ್ಪನವರ ಬಾಯಿಂದ ತಿಳಿಯುವುದು ಬೇಡ. ನಾನೇ ಬರೆಯುತ್ತಿದ್ದೇನೆ. ಈ ಕಾಗದ ಬರುವಷ್ಟರಲ್ಲಿ ನಿನ್ನನ್ನು ಕರೆದು ಕೇಳಿರುತ್ತಾರೆ, ಗೊತ್ತು.

ನಾನು ಬೆಳಗಿನ ಪಾಳಿಯಲ್ಲಿದ್ದೆ. ನಿನ್ನ ಬೀಟಿನಲ್ಲಿ ಕೆಂಪು ಚುಕ್ಕೆ ಬಂತು. ಸ್ವಲ್ಪ ಹೊತ್ತು ಇತ್ತು, ಹೋಯಿತು, ಮತ್ತೆ ಬಂತು. ಕಲ್ಪನ ಮೇಡಂ ಅಲ್ಲಿಯ ಆಫೀಸಿಗೆ ಹೇಳಿದರು, ಅವರು ಕೋದಂಡಪ್ಪನವರಿಗೆ, ಅವರು ನಿನಗೆ ಮೆಸೇಜ್ ಹಾಕಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಲೈನ್ ನಡೆಯುವವನು ಅಲ್ಲೇ ಇದ್ದಾನೆ, ನೆಲ ಅದುರಿದ್ದು ಅವನಿಗೂ ತಿಳಿಯಿತು, ಏರ್‌ಬ್ಲಾಸ್ಟ್, ಬೇರೆ ಏನೂ ಇಲ್ಲ ಎಂದು.

ಮೇಡಂ ನನ್ನ ಕಡೆ ನೋಡಿ ನಕ್ಕರು, ನಿಮ್ಮೂರಿನದೇ, ಎಂದು. ಅಲಾರಂ ಮುಗಿಸಲು ಕೈ ಚಾಚಿದರು. ನಾನು ತಡೆಯಿರಿ ಎಂದೆ. ಏರ್‌ಬ್ಲಾಸ್ಟ್ ಆದರೆ ಉದ್ದಕ್ಕೂ ಒಂದೇ ಸಲ ಕಂಡು ಮಾಯವಾಗುತ್ತದೆ. ಇದು ಒಂದೇ ಜಾಗದಲ್ಲಿ ಕೂತಿದೆ. ವಾಲ್ವ್ ಸ್ಟೇಷನ್ನಿನಿಂದ ಜೀಪು ಕಳಿಸಿ ಎಂದೆ. ಅವರು ಹೇಳಿದ್ದೂ ಸರಿಯೇ. ಆ ವಾರ ಅದೇ ತಂತಿ ಟ್ರಾಕ್ಟರಿಗೆ, ಎತ್ತಿನ ಗಾಡಿಗೆಲ್ಲ ಕೂಗಿಕೊಂಡಿತ್ತು. ಮನುಷ್ಯನೇ ಅಲ್ಲಿ ನಿಂತು ಏನೂ ಇಲ್ಲ ಎನ್ನುವಾಗ ಯಂತ್ರವನ್ನು ಯಾಕೆ ನಂಬಬೇಕು, ಒಂದು ಕಾರಣ ಹೇಳು ಎಂದರು.

ಬೇರೆ ಕಾರಣ ಹುಡುಕಿದೆ ಅಪ್ಪ. ನಿಜವಾಗಿಯೂ ಹುಡುಕಿದೆ. ಒಂದೂ ಸಿಗಲಿಲ್ಲ, ಚುಕ್ಕೆ ಹೋಗಲಿಲ್ಲ. "ಆ ಮನುಷ್ಯ ನಮ್ಮಪ್ಪ. ಅವರಿಗೆ ಕಿವಿ ಕೇಳಿಸುವುದಿಲ್ಲ. ಮರಗಳ ಹಿಂದೆ ಬೋರ್‌ವೆಲ್ ಲಾರಿ ನಿಂತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ" ಎಂದುಬಿಟ್ಟೆ. ಮೇಡಂ ತಕ್ಷಣ ಫೋನ್ ಎತ್ತಿದರು.

ಬೋರ್‌ವೆಲ್ ಲಾರಿಯೇ ಇತ್ತು. ನೀಲಗಿರಿ ತೋಪಿನ ಆ ಕಡೆ. ಜೀಪಿನವರು ಹೋಗಿ ನಿಲ್ಲಿಸಿದಾಗ ಡ್ರಿಲ್ ನೆಲಕ್ಕೆ ಇಳಿದಿತ್ತು. ಪೈಪಿಗೂ ಅದಕ್ಕೂ ಒಂದು ಹೆಜ್ಜೆ ಅಂತರ. ಪೈಪಿಗೆ ಏನೂ ಆಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಬೆಂಗಳೂರಿನಲ್ಲಿ ಒಂದು ಒಲೆಯೂ ಆರಲಿಲ್ಲ.

ಪಾಳಿ ಮುಗಿದ ಮೇಲೆ ನಾನು ಹೇಳಿದ್ದನ್ನು ಅದೇ ಮಾತಿನಲ್ಲಿ ವರದಿಯಲ್ಲಿ ಬರೆಯಬೇಕು ಎಂದರು. ಬರೆದೆ.

ವನಿತಾ


ಗಾಜಿಯಾಬಾದ್
30 ಮಾರ್ಚ್ 2025

ಅಪ್ಪ,

ನಿನ್ನ ಕಾಗದಕ್ಕೆ ಕಾದು ಇದನ್ನು ಬರೆಯುತ್ತಿದ್ದೇನೆ.

ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ನಿನ್ನಿಂದ ಚೀಲ, ಯಂತ್ರ, ಹಳದಿ ಕೋಟು ವಾಪಸ್ ಇಸ್ಕೊಂಡರಂತೆ. ಅಷ್ಟಕ್ಕೇ ನಿಲ್ಲಲಿಲ್ಲವಂತೆ. ಲೈನ್ ನಡೆಯುವ ಎಲ್ಲರನ್ನೂ ಕೋಲಾರಕ್ಕೆ ಕರೆದುಕೊಂಡು ಹೋಗಿ, ಒಬ್ಬೊಬ್ಬರನ್ನೇ ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡಿಸಿದರಂತೆ. ವಿಜಿ ಮಾವನನ್ನೂ ಇನ್ನಿಬ್ಬರನ್ನೂ ತೆಗೆದರಂತೆ. ಇದು ಹೀಗಾಗುತ್ತದೆ ಎಂದು ನನಗೆ ತೋಚಿರಲಿಲ್ಲ.

"ನಿಮ್ಮಪ್ಪ ಊಟ ಮಾಡ್ತಾರೆ, ಮಲೀಕಂತಾರೆ, ಮಾತಿಲ್ಲ" ಎಂದಳು ಅಮ್ಮ. "ವಿಜಿ ಎಂಡ್ತಿ ಪುಷ್ಪಕ್ಕ ನಲ್ಲಿ ತಾವ ನನ್ ಕೊಡ ನೋಡುದ್ರೆ ತನ್ ಕೊಡ ಎತ್ಕಂಡು ಒಂಟೋಗ್ತಾಳೆ. ಇಷ್ಟ್ ವರ್ಷ ಅವ್ಳ ಮನೆ ಕೊಳಂಬು ಸಾರು ನಮ್ಗೆ, ನಮ್ ಮನೇದು ಅವ್ರಿಗೆ. ಈಗ ಬಾಗ್ಲು ಆಕ್ಬುಟ್ಟವ್ಳೆ" ಎಂದಳು.

ನನ್ನನ್ನು ಬಯ್ಯಬೇಕು ಎಂದಿದ್ದರೆ ಬಯ್ದೇ ಬರೆ. ಬರೆಯದೆ ಇರಬೇಡ.

ವನಿತಾ


ನಂದಿದುರ್ಗ
11 ಮೇ 2025

ವನಿತಾಳಿಗೆ,

ಬಯ್ದು ಬರೆ ಎಂದಿದ್ದೀಯ. ಬರೆಯುತ್ತೇನೆ.

ಆ ದಿನ ನಾನು ಕಳ್ಳಾಟ ಆಡಲಿಲ್ಲ. ಬೆಳಿಗ್ಗೆ ಸೊಣ್ಣಪ್ಪನ ಹೊಲ ದಾಟಿ ಬಂದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಲಾರಿ ಆಮೇಲೆ ಬಂದಿದೆ. ಕೋದಂಡಪ್ಪನ ಮೆಸೇಜು ಬಂದಾಗ ನಾನು ತೋಪಿನ ಈಚೆ ಕಡೆ ಇದ್ದೆ. ಚಪ್ಪಲಿ ಬಿಚ್ಚಿ ನೆಲದ ಮೇಲೆ ನಿಂತೆ. ಅಂಗಾಲಿಗೆ ಸಣ್ಣಗೆ ಅದುರು ತಿಳಿಯಿತು. ಆ ಅದುರು ನನಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮೂರಿನವರು ಯಾರನ್ನಾದರೂ ಅಲ್ಲಿ ನಿಲ್ಲಿಸಿ ಕೇಳು, ಏರ್‌ಬ್ಲಾಸ್ಟ್ ಎಂದೇ ಹೇಳುತ್ತಾರೆ. ತೋಪು ಸುತ್ತಿ ಹೋಗಿ ನೋಡಬೇಕು ಎಂದು ಅನ್ನಿಸಲೇ ಇಲ್ಲ. ಅಷ್ಟು ಧೈರ್ಯವಾಗಿ ಬರೆದು ಕಳಿಸಿದೆ.

ಬೋರ್ ಲಾರಿಯ ಸದ್ದು ಬಂಗಾರಪೇಟೆಗೆ ಕೇಳಿಸುವಷ್ಟು ಇರುತ್ತದೆ ಎಂದು ಕೋದಂಡಪ್ಪ ಎಲ್ಲರ ಮುಂದೆ ನಕ್ಕ. ನಗಲಿ. ನನ್ನ ಕೆಲಸ ಹೋಯಿತು, ಅದೂ ಹೋಗಲಿ. ನನ್ನ ಬೀಟಿನಲ್ಲಿ ತಪ್ಪಾಯಿತು, ನನ್ನನ್ನು ತೆಗೆದರು. ವಿಜಿಯ ಬೀಟಿನಲ್ಲಿ ಏನಾಗಿತ್ತು? ಅವನು ಯಾವತ್ತೂ ಒಂದು ಕಂಬ ಬಿಟ್ಟು ನಡೆದವನಲ್ಲ. ಗಣಿಯೊಳಗೆ ನನ್ನ ಮೇಲೆ ಬಂಡೆ ಬಿದ್ದಾಗ ಕೈಯಿಂದ ಎಳೆದು ತೆಗೆದವನು ಅವನು. ಈಗ ಬೀದಿಯಲ್ಲಿ ಎದುರು ಬಂದರೆ ತಲೆ ತಗ್ಗಿಸಿ ಹೋಗುತ್ತಾನೆ.

ಈ ಲೈನಿನಲ್ಲಿ ನಮ್ಮ ಕಿವಿಯ ಮಾತು ಹೊರಗೆ ಹೋಗಿರಲಿಲ್ಲ. ಹೋದದ್ದು ನನ್ನ ಮನೆಯಿಂದ, ಅದೂ ನಾನು ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಮಗಳಿಂದ. ಬೇರೆ ಯಾರಾದರೂ ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ವಾಚ್‌ಮನ್ ಕೆಲಸ ಕೇಳಲು ಬಂಗಾರಪೇಟೆಗೆ ಹೋಗಿದ್ದೆ. ಅದಕ್ಕೂ ಕಿವಿ ಬೇಕಂತೆ.

ಆರುಮುಗಂ


ಗಾಜಿಯಾಬಾದ್
25 ಮೇ 2025

ಅಪ್ಪ,

ತಪ್ಪಾಯಿತು ಎಂದು ಬರೆಯಲು ಕೂತೆ. ಬರೆಯಲಾಗಲಿಲ್ಲ. ವಿಜಿ ಮಾವನ ಕೆಲಸ ಹೋದದ್ದಕ್ಕೆ ನನಗೆ ಬಹಳ ಸಂಕಟವಾಗಿದೆ. ಆದರೆ ಆ ದಿನ ಹೇಳಿದ್ದು ತಪ್ಪು ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಾಳೆ ಮತ್ತೆ ಹಾಗೇ ಆದರೆ ಮತ್ತೆ ಹೇಳುತ್ತೇನೆ.

ಮೊದಲ ಕಾಗದದಲ್ಲಿ ಒಂದು ವಿಷಯ ಬರೆದಿರಲಿಲ್ಲ. ನಿನ್ನ ಚೀಲದಲ್ಲಿ ಒಂದು ಯಂತ್ರ ಇತ್ತಲ್ಲ, ನೀನು ಎಲ್ಲಿದ್ದೀಯ ಎಂದು ಅದು ಕೋದಂಡಪ್ಪನವರಿಗೆ ಮಾತ್ರ ಹೇಳುವುದಿಲ್ಲ. ನನ್ನ ಪರದೆಯ ಮೇಲೂ ಹಸಿರು ಗುರುತಾಗಿ ಬರುತ್ತದೆ. ಆ ದಿನ ಕೆಂಪು ಚುಕ್ಕೆಯ ಪಕ್ಕದಲ್ಲೇ ಆ ಹಸಿರು ಗುರುತು ನಿಂತಿತ್ತು, ಅಲ್ಲಾಡದೆ. ಅಷ್ಟು ಒತ್ತಡದ ಪೈಪು ಒಡೆದು ಕಿಡಿ ತಾಗಿದರೆ ಸುತ್ತ ಎಷ್ಟು ದೂರ ಏನೂ ಉಳಿಯುವುದಿಲ್ಲ ಎನ್ನುವುದನ್ನು ನಮಗೆ ಪಾಠ ಮಾಡಿದ್ದಾರೆ. ಆ ತೋಪೂ ನೀನೂ ಅದರೊಳಗೇ ಇದ್ದಿರಿ. ನೀನು ಚಪ್ಪಲಿ ಬಿಚ್ಚಿ ನಿಂತಿದ್ದೆ ಎಂದು ಈಗ ಬರೆದಿದ್ದೀಯ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಮೇಡಂ ಕಾರಣ ಕೇಳಿದಾಗ ನನಗೆ ಪೈಪೂ ನೆನಪಿರಲಿಲ್ಲ, ಬೆಂಗಳೂರೂ ನೆನಪಿರಲಿಲ್ಲ. ನೀನೊಬ್ಬನೇ ಇದ್ದದ್ದು ಕಣ್ಣ ಮುಂದೆ.

ಜುಲೈಯಲ್ಲಿ ರಜೆ ಕೊಟ್ಟಿದ್ದಾರೆ. "ಈಗ್ಲೇ ಬರ್ಬೇಡ ಕಣಮ್ಮಾ, ಲೈನ್‌ನೋರ ಬಾಯಿ ಇನ್ನೂ ಆರಿಲ್ಲ" ಎಂದು ಅಮ್ಮ ಹೇಳುತ್ತಾಳೆ. ನೀನು ಏನು ಹೇಳುತ್ತೀಯ? ನೀನು ಬೇಡ ಎಂದರೆ ಇಲ್ಲೇ ಇರುತ್ತೇನೆ. ಬೇಡ ಎನ್ನುವುದಾದರೆ ಅದನ್ನೂ ನಿನ್ನ ಕೈಯಲ್ಲೇ ಬರೆ.

ನಿನ್ನ ಮಗಳು
ವನಿತಾ


ನಂದಿದುರ್ಗ
22 ಜೂನ್ 2025

ಚಿ. ವನಿತಾಳಿಗೆ ಅಪ್ಪನ ಆಶೀರ್ವಾದ.

ತಡವಾಯಿತು. ಹೇಳುವುದು ಸ್ವಲ್ಪ ಇದೆ, ಸಾವಧಾನವಾಗಿ ಓದು.

ನಿನ್ನ ಕಾಗದ ಬಂದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಬಸ್ಸು ಹತ್ತಿ ಬೇತಮಂಗಲಕ್ಕೆ ಹೋದೆ. ಸೊಣ್ಣಪ್ಪನ ಹೊಲಕ್ಕೆ ಹೋಗಿ ಆ ಗುಂಡಿ ನೋಡಿದೆ. ಮಣ್ಣು ಮುಚ್ಚಿದ್ದಾರೆ, ಗುರುತು ಹಾಗೇ ಇದೆ. ಸೊಣ್ಣಪ್ಪನ ಹೆಂಡತಿ ಮಂಗಮ್ಮ ಹಸುಗಳಿಗೆ ಹುಲ್ಲು ಕುಯ್ಯುತ್ತಿದ್ದಳು. ಯಾರು ಎಂದು ಗುರುತು ಹಿಡಿದು ಮಜ್ಜಿಗೆ ಕೊಟ್ಟಳು. ಅವಳ ಬಾಯಿ ನೋಡುತ್ತಾ ಕೂತೆ. ಗಂಡನ ಮೇಲೆ ನೋಟೀಸು ಬಂದಿದೆ ಎಂದು ಮೊದಲು ಅದನ್ನೇ ಹೇಳಿಕೊಂಡಳು. ಪೈಪಿನ ಪಟ್ಟಿ ಬಿಟ್ಟು ತೋಡಬೇಕು ಎಂದು ಸೊಣ್ಣಪ್ಪನಿಗೆ ಗೊತ್ತಿತ್ತಂತೆ. ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಸುತ್ತಿದನಂತೆ. ಕಾಯಿ ಎದ್ದು ನಿಂತದ್ದು ಅಲ್ಲಿ. ಕಾಯಿ ತೋರಿಸಿದ ಜಾಗ ಬಿಟ್ಟು ಇನ್ನೊಂದು ಕಡೆ ಹೇಗೆ ತೋಡಿಸುವುದು, ಒಂದೆರಡು ಮಾರಿಗೆ ಏನಾಗುತ್ತದೆ ಎಂದುಕೊಂಡರಂತೆ.

"ಪೂಜೆಗೆ ಅಂತ ಮನೆಮಂದಿಯೆಲ್ಲಾ ಇಲ್ಲೇ ಇದ್ವಿ ಕಣಣ್ಣ. ನಮ್ ಸೊಸೆ ನವ್ಯ ಕೂಸ್ ಎತ್ಕಂಡು ಲಾರಿ ಪಕ್ದಾಗೇ ನಿಂತಿದ್ಲು, ನೀರ್ ಬಂದ್ರೆ ಮಗೂಗೆ ಮೊದ್ಲು ಪ್ರೋಕ್ಷಣೆ ಮಾಡ್ಬೇಕು ಅಂತ" ಎಂದಳು. ಆ ಮಗು ಅಲ್ಲೇ ಹುಲ್ಲಿನ ಮೇಲೆ ಕೂತು ಮಣ್ಣು ತಿನ್ನುತ್ತಿತ್ತು. ನಾನು ಮಜ್ಜಿಗೆ ಕೆಳಗಿಟ್ಟೆ. ಕುಡಿಯಲಾಗಲಿಲ್ಲ. ಆ ದಿನ ನಾನು ಏನೂ ಇಲ್ಲ ಎಂದು ಬರೆದು ಕಳಿಸಿದಾಗ ಇವರೆಲ್ಲ ಆ ಗುಂಡಿಯ ಸುತ್ತ ನಿಂತಿದ್ದರು. ನೀನು ನನ್ನ ಮಾತು ನಂಬಿದ್ದರೆ ಏನಾಗುತ್ತಿತ್ತು ಎಂದು ವಾಪಸ್ ಬರುವ ಬಸ್ಸಿನಲ್ಲಿ ಪೂರ್ತಿ ಅದನ್ನೇ ಯೋಚಿಸಿದೆ. ನಂಬದೆ ಇದ್ದದ್ದು ಒಳ್ಳೆಯದಾಯಿತು.

ಬಂದಾಗ ನಲ್ಲಿಯ ಹತ್ತಿರ ಗಲಾಟೆ. ನೀನು ಬರುತ್ತೀಯ ಎಂದು ನಿಮ್ಮಮ್ಮ ಯಾರಿಗೋ ಹೇಳಿದ್ದಾಳೆ, ಅದು ಪುಷ್ಪಳಿಗೆ ಮುಟ್ಟಿದೆ. "ಅಪ್ಪನ್ ಅನ್ನಕ್ಕೇ ಮಣ್ಣಾಕಿದೋಳು ಯಾವ್ ಮಕ ಇಟ್ಕಂಡ್ ಬತ್ತಾಳೆ" ಎಂದು ಪುಷ್ಪ ಅಂದಳಂತೆ. ನನಗೆ ಕೇಳಿಸಲಿಲ್ಲ, ನಿಮ್ಮಮ್ಮನ ಮುಖ ನೋಡಿ ಕೇಳಿ ತಿಳಿದುಕೊಂಡೆ. ವಿಜಿ ಬಾಗಿಲಲ್ಲೇ ನಿಂತಿದ್ದ. ನೇರವಾಗಿ ಅವನ ಹತ್ತಿರ ಹೋದೆ.

"ಅವ್ಳನ್ನ ಯಾಕ್ಲಾ ಅಂತೀರಾ? ಏಳು ಅಂತ ಏಳಿದ್ದೇ ನಾನು. ನಂಗೆ ಕೇಳ್ಸಲ್ಲ, ಬೀಟ್‌ನಾಗೆ ಏನಾರಾ ಅನ್ಮಾನ ಬಂದ್ರೆ ನಿಮ್ ಮೇಲಿನೋರ್ಗೆ ಏಳ್ಬುಡು ಅಂತ ಮೊದ್ಲೇ ಕಾಗ್ದ ಬರ್ದಿದ್ದೆ" ಎಂದೆ.

ವಿಜಿ ಬಾಗಿಲಿಂದ ಕೆಳಗಿಳಿದು ಬಂದ. "ನೀನಾ?" ಎಂದ. "ಆ ಕಾಗ್ದ ನಾನ್ ನೋಡ್ಬೇಕಲ್ಲ" ಎಂದ. "ಮಗ್ಳತ್ರ ಐತೆ, ಬಂದಾಗ ತೋರಿಸ್ತಾಳೆ" ಎಂದು ಹೇಳಿ ಬಂದೆ. ಈಗ ಪುಷ್ಪ ನಿಮ್ಮಮ್ಮನ ಜೊತೆ ಮಾತಾಡುತ್ತಾಳೆ. ಲೈನಿನವರ ಕೋಪವೆಲ್ಲ ನನ್ನ ಕಡೆ ತಿರುಗಿದೆ. ವಿಜಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಈ ಊರಿನಲ್ಲೇ ಇರುವವನು, ಅವನ ಕೋಪ ಇಳಿಯುವವರೆಗೆ ಕಾಯುತ್ತೇನೆ. ನೀನು ವರ್ಷಕ್ಕೊಂದು ಸಲ ಬರುವವಳು, ನಿನಗೆ ಈ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಆಗಬೇಕು.

ಅದಕ್ಕೇ ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಹಳೆಯ ತಾರೀಖು ಹಾಕಿದ್ದೇನೆ. ಬರುವಾಗ ಅದನ್ನು ತಂದು ವಿಜಿಗೆ ತೋರಿಸು. ಹೊಸದಾಗಿ ಕಾಣದಿರಲಿ, ಮಡಚಿ ಮಡಚಿ ಸ್ವಲ್ಪ ಹಳೆಯದು ಮಾಡು. ಕವರ್ ಕೇಳಿದರೆ ಹರಿದುಹೋಯಿತು ಅನ್ನು. ಈ ಕಾಗದವನ್ನು ಮಾತ್ರ ಅಲ್ಲೇ ಹರಿದು ಹಾಕು.

ಇಂತಿ
ಆರುಮುಗಂ


ನಂದಿದುರ್ಗ, ಕೆ.ಜಿ.ಎಫ್.
26 ಜನವರಿ 2025

ಚಿ. ವನಿತಾಳಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಜಾಸ್ತಿ ಇದೆ. ನೀನು ಸ್ವೆಟರ್ ಹಾಕಿಕೋ.

ಒಂದು ಮುಖ್ಯ ವಿಷಯ. ನನಗೆ ಕಿವಿ ಕೇಳಿಸುವುದಿಲ್ಲ ಎಂದು ನಿನಗೆ ಗೊತ್ತು, ಕೆಲಸದ ಕಡೆಯವರಿಗೆ ಗೊತ್ತಿಲ್ಲ. ಹೇಳಲು ನನಗೆ ಧೈರ್ಯವಿಲ್ಲ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ನನ್ನ ಬೀಟಿನಲ್ಲಿ ಯಾವತ್ತಾದರೂ ನಿನಗೆ ಅನುಮಾನ ಬಂದರೆ, ನಾನು ಏನೂ ಇಲ್ಲ ಎಂದು ಹೇಳಿ ಕಳಿಸಿದರೂ ನಂಬಬೇಡ. ಅಪ್ಪ ಎಂದು ನೋಡಬೇಡ. ಆ ಮನುಷ್ಯನಿಗೆ ಕೇಳಿಸುವುದಿಲ್ಲ ಎಂದು ನಿನ್ನ ಮೇಲಿನವರಿಗೆ ಹೇಳಿಬಿಡು. ಇದು ನಾನೇ ಹೇಳುತ್ತಿರುವ ಮಾತು. ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ.

ಹೇಳಿದ ಮೇಲೆ ನನ್ನ ಕೆಲಸ ಹೋಗುತ್ತದೆ. ಆಗ ನನಗೆ ಕೋಪ ಬರಬಹುದು. ಕೆಲವು ತಿಂಗಳು ನಿನಗೆ ಕಾಗದ ಬರೆಯದೆ ಇರಬಹುದು, ಬರೆದರೂ ಒರಟಾಗಿ ಬರೆಯಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ರಜೆ ಸಿಕ್ಕ ತಕ್ಷಣ ಮನೆಗೆ ಬಾ.

ನಿನ್ನ ಅಪ್ಪ
ಆರುಮುಗಂ